ನೋಡಿದವರ ಪಟ್ಟಿಯಲ್ಲಿ ನೀಲವ್ವ

ಕಳೆದ ವಾರ ರಾಜಗೋಪಾಲನಗರದಲ್ಲಿ ಚಿಕ್ಕಮ್ಮನ ಮೊಮ್ಮಗುವಿನ ನಾಮಕರಣ ಮುಗಿಸಿಕೊಂಡು, ಹೋಳಿಗೆ ತಿಂದ ಭಾರಕ್ಕೆ ಆಕಳಿಸುತ್ತಾ ಪೀಣ್ಯದಲ್ಲಿ ಮೆಟ್ರೊ ಹತ್ತಿದೆ. ಮಧ್ಯಾಹ್ನ ಎರಡೂವರೆಯ ಹೊತ್ತು. ಬೆಳಗಿನ ಶಿಫ್ಟ್ ಮುಗಿಸಿದ ಜನ ನನ್ನ ಜೊತೆಗೇ ಒಳಗೆ ನುಗ್ಗಿದರು. ಪಕ್ಕದಲ್ಲಿ ನಿಂತವರ ನೀಲಿ ಅಂಗಿಯಿಂದ ಕೂಲೆಂಟ್ ವಾಸನೆ ಬಂತು. ಲೋಹ ಕೊರೆಯುವಾಗ ಬಿಸಿ ಏರದಿರಲಿ ಎಂದು ಮೆಷಿನ್ನಿನ ಮೇಲೆ ಸುರಿಯುವ, ಹಾಲಿನ ಬಣ್ಣದ ಎಣ್ಣೆನೀರು ಅದು. ಮಳೆಗಾಲದಲ್ಲಿ ಬೇಗ ಹಳಸುತ್ತದೆ. ಹುಳಿ ಮಜ್ಜಿಗೆಗೆ ಸೀಮೆಎಣ್ಣೆ ಬೆರೆಸಿದರೆ ಹೇಗೋ ಹಾಗೆ. ಎದುರು ಕೂತಿದ್ದ ಹೆಂಗಸೊಬ್ಬರು ಮೂಗಿಗೆ ಸೆರಗು ಹಿಡಿದರು. ನಾನು ಮಾತ್ರ ತವರಿನ ವಾಸನೆ ಬಂದವಳಂತೆ ಉಸಿರೆಳೆದುಕೊಂಡೆ. ನನಗೆ ಆ ವಾಸನೆ ಎಂದರೆ ಒಂದೇ ಒಂದು ಮಳೆಗಾಲ.

ನಾನು ಕೆಲಸ ಮಾಡುವುದು ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ. ಆಫೀಸಿನ ಜನ ಒಬ್ಬರಿಗೊಬ್ಬರು ಮೆಸೇಜ್ ಕಳಿಸಿಕೊಳ್ಳುವ ಆ್ಯಪ್ ಮಾಡುವುದು ನಮ್ಮ ದಂಧೆ. ಅದರಲ್ಲಿ ಯಾವುದು ಎಲ್ಲಿರಬೇಕು, ಒತ್ತಿದರೆ ಏನಾಗಬೇಕು ಎಂದು ತೀರ್ಮಾನಿಸಿ ಚಿತ್ರ ಬರೆದು ಕೊಡುವವಳು ನಾನು. ಆಗ ಹೊಸದಾಗಿ ಕಾರ್ಖಾನೆಗಳೂ ನಮ್ಮ ಆ್ಯಪ್ ಕೊಳ್ಳತೊಡಗಿದ್ದವು. ಪೀಣ್ಯದಲ್ಲಿ ಗ್ಯಾಸ್ ಒಲೆಯ ಹಿತ್ತಾಳೆ ವಾಲ್ವ್ ಮಾಡುವ ಒಂದು ಕಾರ್ಖಾನೆಯ ಮಾಲೀಕರು ಮಾತ್ರ ಸಿಟ್ಟಾಗಿದ್ದರು. ಬೇಕಾದ ಮೆಸೇಜ್ ಬೇಕಾದಾಗ ಸಿಗುವುದಿಲ್ಲ, ಎಲ್ಲವೂ ಸಂತೆಯಾಗಿದೆ, ಸರಿಮಾಡದಿದ್ದರೆ ಆಯುಧಪೂಜೆ ಹೊತ್ತಿಗೆ ಈ ಆ್ಯಪ್ ಕಿತ್ತು ಬಿಸಾಕುತ್ತೇನೆ ಎಂದಿದ್ದರು. ನಮ್ಮ ಟೀಮಿನ ಮುಖ್ಯಸ್ಥ ರೋಹಿತ್ ನನ್ನನ್ನು ಕರೆದು, "ಹೇಮಾ, ನೀನು ಅದೇ ಏರಿಯಾದವಳಲ್ವಾ? ನಾಲ್ಕು ತಿಂಗಳು ಅಲ್ಲೇ ಕೂತ್ಕೊ. ಅವರು ಹೇಗೆ ಯೂಸ್ ಮಾಡ್ತಾರೆ ನೋಡು. ಚಾಟ್ ಎಲ್ಲಾ ನೀಟಾಗಿ ಜೋಡಿಸೋ ಹಾಗೆ ಹೊಸ ಡಿಸೈನ್ ಮಾಡ್ಕೊಂಡು ಬಾ" ಎಂದ.

ಅದೇ ಏರಿಯಾದವಳು ಹೌದು. ನಮ್ಮ ತಾತನ ರಾಗಿ ಹೊಲವಿದ್ದ ಕಡೆ ಈಗ ಪೌಡರ್ ಕೋಟಿಂಗ್ ಶೆಡ್ ಇದೆ. ಸುತ್ತಲೂ ಸೈರನ್ ಕೂಗುವುದನ್ನು ಕೇಳುತ್ತಲೇ ಬೆಳೆದೆ. ಆದರೆ ಒಂದು ದಿನವೂ ಯಾವ ಕಾರ್ಖಾನೆಯ ಗೇಟಿನೊಳಕ್ಕೂ ಕಾಲಿಟ್ಟವಳಲ್ಲ. ಜೂನ್‌ನಲ್ಲಿ ಬಟ್ಟೆ ತುಂಬಿಕೊಂಡು ಅಪ್ಪನ ಮನೆಗೆ ಬಂದಿಳಿದೆ. ಅಲ್ಲಿಂದ ಕಾರ್ಖಾನೆಗೆ ಹತ್ತು ನಿಮಿಷದ ನಡಿಗೆ, ಮಳೆ ಬಂದರೆ ಇಪ್ಪತ್ತೈದು. ಗುಂಡಿ ಯಾವುದು ರಸ್ತೆ ಯಾವುದು ಎಂದು ತಿಳಿಯುವುದಕ್ಕೇ ಹದಿನೈದು ನಿಮಿಷ ಬೇಕಿತ್ತು.

ಮಾಲೀಕರು ಸಂತೆ ಎಂದದ್ದು ಸುಳ್ಳಲ್ಲ. ಇಡೀ ಕಾರ್ಖಾನೆಗೆ ಒಂದೇ ಗ್ರೂಪ್. ಬೆಳಿಗ್ಗೆ ಐದಕ್ಕೇ ದೇವರ ಚಿತ್ರ, ಶುಭೋದಯ, ಗುಲಾಬಿ ಹೂವು. ಅದರ ನಡುವೆ "ಎರಡನೇ ಮೆಷಿನ್ ಬೆಲ್ಟ್ ಹೋಗಿದೆ". ಅದರ ಕೆಳಗೆ ಒಬ್ಬರ ಕೊನೆಯ ಮಗಳ ಹುಟ್ಟುಹಬ್ಬದ ಕೇಕು, ಕೇಕಿಗೆ ನಲವತ್ತು ಜನರ ಹಾರೈಕೆ. ಅದರ ಕೆಳಗೆ "ಯಾರದ್ರೀ ಟಿಫನ್ ಬಾಕ್ಸು, ಇರುವೆ ಹತ್ತಿದೆ". ಇವೆಲ್ಲಕ್ಕಿಂತ ದೊಡ್ಡ ಪ್ರವಾಹವೆಂದರೆ ಹಾಜರಿಯ ಫೋಟೊ. ಬೆರಳೊತ್ತಿ ಹಾಜರಿ ಹಾಕುವ ಯಂತ್ರ ಎಣ್ಣೆಗೈಗಳಿಗೆ ಸೋತು ಕೆಟ್ಟಮೇಲೆ, ಶಿಫ್ಟಿಗೆ ಬಂದವರೆಲ್ಲ ತಮ್ಮ ಜಾಗದಲ್ಲಿ ನಿಂತು ಒಂದು ಫೋಟೊ ತೆಗೆದು ಗ್ರೂಪಿಗೆ ಹಾಕಬೇಕು ಎಂಬ ನಿಯಮ ಬಂದಿತ್ತು. ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಅರವತ್ತು ಮುಖಗಳು ದಬದಬನೆ ಬಂದು ಬೀಳುತ್ತಿದ್ದವು. ಕೆಲವರು ಕೂಲಿಂಗ್ ಗ್ಲಾಸ್ ಬೇರೆ ಹಾಕಿಕೊಳ್ಳುತ್ತಿದ್ದರು.

ನಾನು ವೈಟ್‌ಫೀಲ್ಡಿನ ಬುದ್ಧಿ ಖರ್ಚುಮಾಡಿ ಮೊದಲ ತಿಂಗಳಲ್ಲೇ ಒಂದು ವ್ಯವಸ್ಥೆ ಮಾಡಿದೆ. ಗುಣಮಟ್ಟಕ್ಕೊಂದು ಗ್ರೂಪ್, ರಿಪೇರಿಗೊಂದು, ಸುರಕ್ಷತೆಗೊಂದು, ಕ್ಯಾಂಟೀನಿಗೊಂದು, ಉಳಿದದ್ದಕ್ಕೆಲ್ಲ ಒಂದು. ಬಣ್ಣ ಬೇರೆ, ಗುರುತು ಬೇರೆ. ನೋಡುವುದಕ್ಕೆ ಬಹಳ ಚೆಂದ. ಜನ ಹದಿನೈದು ದಿನ ಮರ್ಯಾದೆಗೆ ಉಪಯೋಗಿಸಿದರು. ಆಮೇಲೆ ಕ್ಯಾಂಟೀನಿನದೊಂದು ಬಿಟ್ಟು ಮಿಕ್ಕವು ಪಾಳುಬಿದ್ದವು. ಹಾಜರಿ ಫೋಟೊ ಎಲ್ಲಿ ಹಾಕಬೇಕೋ ಅಲ್ಲೇ ಎಲ್ಲರೂ ಇರುತ್ತಿದ್ದರು. ಎಲ್ಲರೂ ಎಲ್ಲಿರುತ್ತಾರೋ ಅಲ್ಲೇ ಎಲ್ಲರೂ ಮಾತಾಡುತ್ತಿದ್ದರು. ಗುಡ್ಡ ಅಗೆದು ಇಲಿ ಹಿಡಿದಿದ್ದೆ.

ನನ್ನನ್ನು ಕನಿಕರದಿಂದ ನೋಡಿದವಳು ನೀಲವ್ವ. ಹುನಗುಂದದ ಕಡೆಯವಳು, ನನ್ನದೇ ವಯಸ್ಸು. ಗಂಡ ಜಿಗಣಿಯಲ್ಲಿ ಕಟ್ಟಡದ ಸೆಂಟ್ರಿಂಗ್ ಕೆಲಸಕ್ಕಿದ್ದ, ವಾರಕ್ಕೊಮ್ಮೆ ರಾಜಗೋಪಾಲನಗರದ ಬಾಡಿಗೆ ರೂಮಿಗೆ ಬರುತ್ತಿದ್ದ. ಆರು ವರ್ಷದ ಹಿಂದೆ ವಾಲ್ವುಗಳ ಅಂಚು ಉಜ್ಜುವ ಕೆಲಸಕ್ಕೆ ಸೇರಿದ ಆಕೆ ಈಗ ಮಧ್ಯಾಹ್ನದ ಶಿಫ್ಟಿನ ಇನ್‌ಸ್ಪೆಕ್ಟರ್. ಆಕೆಯ ಮೇಜಿನ ಮೇಲೆ ಪೆನ್ನಿನಷ್ಟು ಗಾತ್ರದ ಉಕ್ಕಿನ ಗೇಜು. ಅದರ ಒಂದು ತುದಿ ವಾಲ್ವಿನ ತೂತಿನೊಳಗೆ ಹೋಗಲೇಬೇಕು, ಇನ್ನೊಂದು ತುದಿ ಹೋಗಕೂಡದು. ಹೋದರೆ ತೂತು ದೊಡ್ಡದಾಗಿದೆ, ಗ್ಯಾಸ್ ಸೋರುತ್ತದೆ ಎಂದರ್ಥ. ಎಷ್ಟೋ ಸಲ ಗೇಜು ಹಾಕುವ ಮುಂಚೆಯೇ ಬರಿಗಣ್ಣಲ್ಲಿ ನೋಡಿ, "ಇದು ಹೋಗಂಗಿಲ್ರಿ" ಎಂದು ಬದಿಗಿಡುತ್ತಿದ್ದಳು. ಪರೀಕ್ಷಿಸಿದರೆ ಹಾಗೇ ಇರುತ್ತಿತ್ತು. ಆ ಮೇಜಿಗೆ ಬರಲು ಆರು ವರ್ಷ ಹಿಡಿದಿತ್ತು ಎಂಬುದನ್ನು ಆಕೆ ಹೆಮ್ಮೆಯಿಂದಲೇ ಹೇಳುತ್ತಿದ್ದಳು, ಮುಚ್ಚುಮರೆ ಇರಲಿಲ್ಲ.

"ಅಕ್ಕಾರ, ನೀವು ಮಾತಿಗೊಂದು ಮನಿ ಕಟ್ಟೀರಿ," ಎಂದಳು ಒಂದು ದಿನ. "ಗುಣಮಟ್ಟದ ಮನಿ, ರಿಪೇರಿ ಮನಿ. ನಮಗ ಹಂಗ ಇಲ್ರಿ. ನಮಗಿರೋದು ಮೆಷಿನ್ನು. ಮೂರನೇ ಮೆಷಿನ್ ಬೆಲ್ಟ್ ಹೋದ್ರೂ ಅದರ ಮಾತೇ, ಮಾಲು ಕೆಟ್ರೂ ಅದರ ಮಾತೇ. ಮಂದಿ ಬದಲಿ ಆಗ್ತಾರ, ಶಿಫ್ಟ್ ಬದಲಿ ಆಗ್ತೈತಿ. ಮೆಷಿನ್ ಅಲ್ಲೇ ಇರ್ತೈತಿ."

ನಾಲ್ಕು ವಾರ ಕೂತು ನಾನು ಕಾಣದ್ದನ್ನು ಆಕೆ ವಾಲ್ವ್ ಒರೆಸುತ್ತಾ ಹೇಳಿ ಮುಗಿಸಿದಳು. ಅವತ್ತೇ ಇನ್ನೊಂದನ್ನೂ ಹೇಳಿದಳು. ಆ್ಯಪ್ ಬರುವ ಮುಂಚೆ ಶಿಫ್ಟ್ ಬದಲಾಗುವಾಗ ಹೋಗುವ ಇನ್‌ಸ್ಪೆಕ್ಟರು ಬರುವವರ ಕೈಗೆ ಗೇಜು ಕೊಟ್ಟು, ಇಂಥ ಮೆಷಿನ್ನಿನದು ಇಂಥ ತಕರಾರು ಎಂದು ಒಂದೊಂದನ್ನೇ ಹೇಳುತ್ತಿದ್ದರಂತೆ. ಕೇಳಿಸಿಕೊಂಡವರು ಪ್ರತಿಯೊಂದಕ್ಕೂ "ತಗೊಂಡೆ" ಎನ್ನಬೇಕು. ಹಾಗೆ ಅನ್ನುವ ತನಕ ಹೋಗುವವರು ಜಾಗ ಬಿಟ್ಟು ಕದಲುವಂತಿರಲಿಲ್ಲ. ಇದರಲ್ಲಿ ದಿನಕ್ಕೆ ಹದಿನೈದು ನಿಮಿಷ ಹಾಳಾಗುತ್ತದೆ, ಹೇಗೂ ಆ್ಯಪ್ ಇದೆಯಲ್ಲ ಎಂದು ಕ್ವಾಲಿಟಿ ಮ್ಯಾನೇಜರ್ ನಂಜುಂಡಯ್ಯನವರು ಅದನ್ನು ನಿಲ್ಲಿಸಿದ್ದರು. ನಾನು ನೋಟ್‌ಬುಕ್ಕಿನಲ್ಲಿ "ಹಳೆಯ ಪದ್ಧತಿ, ಸ್ವಾರಸ್ಯವಾಗಿದೆ" ಎಂದು ಬರೆದುಕೊಂಡು ಪುಟ ತಿರುಗಿಸಿದೆ.

ಆಗಸ್ಟ್ ಬಂತು. ವಾರಗಟ್ಟಲೆ ಬಿಡದ ಮಳೆ. ಶೆಡ್ಡಿನ ತಗಡಿನ ಮೇಲೆ ಬೀಳುವ ಸದ್ದಿಗೆ ಮೆಷಿನ್ ಸದ್ದೇ ಕೇಳುತ್ತಿರಲಿಲ್ಲ. ಅಂಥ ಒಂದು ದಿನ ಬೆಳಗಿನ ಶಿಫ್ಟಿನ ಇನ್‌ಸ್ಪೆಕ್ಟರ್ ಲೋಕೇಶನಿಗೆ, ಮಗಳ ಶಾಲೆಗೆ ನೀರು ನುಗ್ಗಿದೆ, ಬಂದು ಕರೆದೊಯ್ಯಿರಿ ಎಂದು ಫೋನ್ ಬಂತು. ಹೊರಡುವ ಗಡಿಬಿಡಿಯಲ್ಲೇ ಮೂರನೇ ಮೆಷಿನ್ನಿನ ಕೊನೆಯ ಕ್ರೇಟು ಪರೀಕ್ಷಿಸಿದ. ಮೂರು ವಾಲ್ವಿನೊಳಗೆ ಗೇಜಿನ ಹೋಗಬಾರದ ತುದಿ ಸಲೀಸಾಗಿ ಹೋಯಿತು. ಮೊದಲಾಗಿದ್ದರೆ ಆ ಮೆಷಿನ್ನಿನ ಬೆಳಗಿನ ಕ್ರೇಟುಗಳಿಗೆಲ್ಲ ತಡೆಹಿಡಿದದ್ದು ಎಂಬ ಕೆಂಪು ಚೀಟಿ ಕಟ್ಟುತ್ತಿದ್ದ. ಆ್ಯಪ್ ಬಂದಮೇಲೆ ಚೀಟಿ ಪುಸ್ತಕ ಮುಗಿದದ್ದನ್ನು ಯಾರೂ ಮತ್ತೆ ತರಿಸಿರಲಿಲ್ಲ. ಎರಡು ಗಂಟೆಗೆ ಎಂಟು ನಿಮಿಷವಿರುವಾಗ ಗ್ರೂಪಿನಲ್ಲಿ, "ಮೂರನೇ ಮೆಷಿನ್ ಮಾಲು ನಿಲ್ಲಿಸಿ, ಪ್ಯಾಕಿಂಗ್‌ಗೆ ಬಿಡಬೇಡಿ" ಎಂದು ಬರೆದು, ಗೇಜನ್ನು ಮೇಜಿನ ಮೇಲಿಟ್ಟು, ಮಳೆಯಲ್ಲಿ ಓಡಿದ.

ಎರಡಕ್ಕೆ ಅರವತ್ತು ಮುಖಗಳು ಗ್ರೂಪಿನಲ್ಲಿ ಬಂದು ಬಿದ್ದವು. ಎರಡೂ ಏಳಕ್ಕೆ ನೀಲವ್ವ ಗ್ರೂಪ್ ತೆರೆದಳು, ತನ್ನ ಫೋಟೊ ಹಾಕಿದಳು, ಫೋನ್ ಒಳಗಿಟ್ಟಳು, ಕೆಲಸಕ್ಕೆ ಕೂತಳು. ಬೆಳಿಗ್ಗೆ ಮುಗಿದ ಮಾಲಿಗೆ ರುಜು ಹಾಕಿ ಪ್ಯಾಕಿಂಗಿಗೆ ಬಿಡುವುದು ಆಕೆಯ ಕೆಲಸ. ಬಿಟ್ಟಳು. ಸಂಜೆ ಐದಕ್ಕೆ ಲಾರಿ ಹೊರಟಿತು.

ಮರುದಿನ ಬೆಳಿಗ್ಗೆ ಲೋಕೇಶ್ ಬಂದು ಆ ಕ್ರೇಟುಗಳು ಎಲ್ಲಿ ಎಂದು ಕೇಳಿದಾಗಲೇ ಗೊತ್ತಾದದ್ದು. ಪುಣ್ಯಕ್ಕೆ ಲಾರಿ ಇನ್ನೂ ಒಲೆ ಕಾರ್ಖಾನೆಯ ಗೇಟಿನ ಹೊರಗೆ ಸರದಿಯಲ್ಲಿ ನಿಂತಿತ್ತು. ಒಂದು ಪೆಟ್ಟಿಗೆಯೂ ಒಡೆಯದೆ ವಾಪಸು ಬಂತು. ಒಂದು ವಾಲ್ವೂ ಯಾರ ಮನೆಯ ಅಡುಗೆಮನೆಗೂ ಹೋಗಲಿಲ್ಲ. ಈ ಮಾತನ್ನು ಬರೆಯುವಾಗ ಈಗಲೂ ನನ್ನ ಎದೆ ಹಗುರಾಗುತ್ತದೆ. ಆದರೆ ಗೇಟಿನಿಂದ ಮಾಲು ತಿರುಗಿಸಿದ ಸುದ್ದಿ ಒಲೆ ಕಾರ್ಖಾನೆಯವರ ಕಿವಿಗೆ ಬಿದ್ದು, ಅವರು ಫೋನಿನಲ್ಲಿ ನಮ್ಮ ಮಾಲೀಕರಿಗೆ ಮಂಗಳಾರತಿ ಮಾಡಿದರು. ಮಾಲೀಕರಿಗೆ ಯಾರ ತಪ್ಪು ಎಂದು ಗೊತ್ತಾಗಬೇಕಿತ್ತು.

ನಂಜುಂಡಯ್ಯನವರು ಖುಷಿಯಿಂದಲೇ ತಮ್ಮ ಫೋನ್ ನನ್ನ ಮುಂದೆ ಹಿಡಿದರು. "ಮೇಡಂ, ಎಷ್ಟೇ ಬೈದ್ರೂ ನಿಮ್ಮ ಆ್ಯಪ್‌ನಲ್ಲಿ ಇದೊಂದು ಸಕ್ಕತ್ತಾಗಿದೆ ಕಣ್ರೀ. ಆ ಮೆಸೇಜನ್ನ ಯಾರ್ಯಾರು ನೋಡಿದ್ರು ಅಂತ ನಿಮಿಷದ ಸಮೇತ ಪಟ್ಟಿ ಕೊಡುತ್ತೆ. ನೋಡಿ, ನೀಲವ್ವ, ಎರಡು ಏಳು. ನೋಡಿಲ್ಲ ಅಂತ ಸುಳ್ಳು ಹೇಳ್ತಿದ್ದಾಳೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು ನನಗೆ. ಯಾಕೆಂದರೆ ಆ ಪಟ್ಟಿ ಹೇಗೆ ತಯಾರಾಗುತ್ತದೆ ಎಂದು ಆ ಕಟ್ಟಡದಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಮೂರು ವರ್ಷದ ಹಿಂದೆ ನಮ್ಮ ಆ್ಯಪಿನ ಮೇಲೆ ಒಂದು ಕೆಂಪು ಸಂಖ್ಯೆ ಬರುತ್ತಿತ್ತು, ಇಷ್ಟು ಮೆಸೇಜ್ ನೋಡುವುದು ಬಾಕಿ ಎಂದು. ಒಂದೊಂದನ್ನೂ ದಾಟಿಕೊಂಡು ಹೋಗುವವರೆಗೆ ಅದು ಹೋಗುತ್ತಿರಲಿಲ್ಲ. ಆಫೀಸಿನವರಿಗೆ ಅದನ್ನು ಕಂಡರೆ ತಲೆನೋವು. ನಾನು ಒಂದು ಸುಲಭ ಉಪಾಯ ಬರೆದುಕೊಟ್ಟೆ. ಗ್ರೂಪ್ ತೆರೆದರೆ ಸಾಕು, ನೇರವಾಗಿ ಕೊನೆಯ ಮೆಸೇಜಿಗೆ ಹೋಗಲಿ, ಮೇಲಿರುವುದೆಲ್ಲ ನೋಡಿದ ಲೆಕ್ಕಕ್ಕೆ ಸೇರಲಿ. ಕೆಂಪು ಸಂಖ್ಯೆ ಮಾಯವಾಯಿತು, ಎಲ್ಲರೂ ಹೊಗಳಿದರು, ಕೇಕು ಕೂಡ ಕತ್ತರಿಸಿದೆವು. ಅಂದರೆ ನೀಲವ್ವ ಎರಡೂ ಏಳಕ್ಕೆ ನೋಡಿದ್ದು ಗ್ರೂಪಿನ ತಳದಲ್ಲಿದ್ದ ಮುಖಗಳನ್ನು. ಅರವತ್ತು ಮುಖಗಳ ಮೇಲೆ ಕೂತಿದ್ದ ಲೋಕೇಶನ ಮೆಸೇಜು ಆಕೆಯ ಫೋನಿನ ಪರದೆಯ ಮೇಲೆ ಬಂದೇ ಇರಲಿಲ್ಲ.

ಇಷ್ಟು ಗೊತ್ತಿದ್ದೂ ನಾನು ಏನು ಹೇಳಿದೆ? "ಹೌದು ಸಾರ್, ಉಪಯೋಗಕ್ಕೆ ಬರುತ್ತೆ" ಎಂದೆ. ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಳ್ಳಬೇಕಿತ್ತು.

ಆ ದಿನವೇ ರೋಹಿತನಿಗೆ ಫೋನ್ ಮಾಡಿದೆ. ಅವನು ಕೆಟ್ಟವನಲ್ಲ, ಹೆದರುಪುಕ್ಕಲ. "ಹೇಮಾ, ಪ್ಲೀಸ್, ಕಸ್ಟಮರ್ ಮುಂದೆ ಬಾಯಿ ಬಿಡ್ಬೇಡ. ಆ ಪಟ್ಟಿ ನಂಬೋ ಹಾಗಿಲ್ಲ ಅಂತ ಒಂದು ಫ್ಯಾಕ್ಟರಿಗೆ ಗೊತ್ತಾದ್ರೆ ಎಲ್ರಿಗೂ ಗೊತ್ತಾಗತ್ತೆ. ಮುಂದಿನ ರಿಲೀಸಲ್ಲಿ ಸದ್ದಿಲ್ದೆ ಸರಿಮಾಡ್ಬಿಡೋಣ. ಆಯಮ್ಮಂಗೆ ಏನು, ಒಂದು ವಾರ್ನಿಂಗ್ ಕೊಟ್ಟು ಬಿಡ್ತಾರೆ" ಎಂದ. ನಂಬುವುದಕ್ಕೆ ಹಿತವಾಗಿದ್ದ ಮಾತು. ನಂಬಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ಎಷ್ಟು ಸಲ ಕೇಳಿದ್ದೆ. ಜ್ವರ ಬಂದ ಎತ್ತು ಪಕ್ಕದಲ್ಲಿ ನಿಂತು ಮೆಲುಕು ಹಾಕುತ್ತಿರುತ್ತದೆ ಎಂದು ಆ ವಾರ ಗೊತ್ತಾಯಿತು.

ವಾರ್ನಿಂಗಿಗೆ ಮುಗಿಯುವ ಹಾಗೆ ಕಾಣಲಿಲ್ಲ. ಬರುವ ಶುಕ್ರವಾರ ವಿಚಾರಣೆ, ಅಷ್ಟರೊಳಗೆ ತಪ್ಪೊಪ್ಪಿಗೆ ಪತ್ರಕ್ಕೆ ರುಜು ಹಾಕಿದರೆ ತಾನಾಗೇ ಕೆಲಸ ಬಿಟ್ಟಂತೆ ಬರೆದುಕೊಡುತ್ತೇವೆ, ಇಲ್ಲವಾದರೆ ತೆಗೆದುಹಾಕುತ್ತೇವೆ ಎಂದು ನೀಲವ್ವನಿಗೆ ಹೇಳಿದ್ದರು. ಅಲ್ಲಿಯವರೆಗೆ ಗೇಜಿನ ಮೇಜು ಬಿಡಿಸಿ ಮತ್ತೆ ಅಂಚು ಉಜ್ಜುವ ಬೆಂಚಿಗೆ ಕೂರಿಸಿದ್ದರು. ಪೀಣ್ಯ ಎಷ್ಟು ದೊಡ್ಡದಾದರೂ ಸುದ್ದಿಯ ಮಟ್ಟಿಗೆ ಒಂದೇ ಬೀದಿ. ಕೆಟ್ಟ ಮಾಲನ್ನು ಕಂಡೂ ಬಿಟ್ಟವಳು ಎಂಬ ಹೆಸರು ಬಂದರೆ ಇನ್ನು ಯಾವ ಕಾರ್ಖಾನೆಯೂ ಆಕೆಯ ಕೈಗೆ ಗೇಜು ಕೊಡುತ್ತಿರಲಿಲ್ಲ.

ಬುಧವಾರ ಕ್ಯಾಂಟೀನಿನಲ್ಲಿ ಆಕೆಯ ಎದುರು ಕೂತೆ. ಆಕೆ ತಟ್ಟೆಯಲ್ಲಿ ಅನ್ನ ಕಲೆಸುತ್ತಲೇ ಇದ್ದಳು, ಬಾಯಿಗೆ ಹೋಗುತ್ತಿರಲಿಲ್ಲ.

"ರುಜು ಮಾಡ್ತೀನ್ರಿ ಅಕ್ಕಾರ," ಎಂದಳು. "ಮೊದಲ ದಿನ ಭಾಳ ಜಗಳಾಡ್ದೆ, ನಾ ನೋಡಿಲ್ಲ ಅಂತ. ಈಗ ನನಗೂ ಅನ್ಸಾಕತ್ತೈತಿ, ನೋಡಿರಬೇಕು, ಮರತಿರಬೇಕು. ಫೋನ್ ಯಾಕ ಸುಳ್ಳು ಹೇಳ್ತೈತ್ರಿ? ಅದಕ್ಕೇನು ನನ್ ಮ್ಯಾಲ ಹಗೀನ?"

ನಾನು ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಸೈರನ್ ಆಯಿತು, ಆಕೆ ತಟ್ಟೆ ಎತ್ತಿಕೊಂಡು ಹೋದಳು. ಸೈರನ್ ಆಗದಿದ್ದರೂ ಹೇಳುತ್ತಿದ್ದೆನೋ ಇಲ್ಲವೋ, ಪ್ರಾಮಾಣಿಕವಾಗಿ ನನಗೆ ಗೊತ್ತಿಲ್ಲ.

ಗುರುವಾರ ಬೆಳಿಗ್ಗೆ ಅಪ್ಪ ಜಗಲಿಯ ಮೇಲೆ ಅಲಸಂದೆಕಾಯಿ ಬಿಡಿಸುತ್ತಾ ಕೂತಿದ್ದ. ಆ ಹೊತ್ತಿಗೆ ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದುಹೋಗುತ್ತಿತ್ತು. ಎಲ್ಲವನ್ನೂ ಹೇಳಿದೆ, ರೋಹಿತ್ ಹೇಳಿದ್ದನ್ನೂ. ಅಪ್ಪನಿಗೆ ಆ್ಯಪು ಗೀಪು ತಿಳಿಯದು, ಆದರೆ ಊರ ನ್ಯಾಯಗಳಲ್ಲಿ ಕೂತು ಅಭ್ಯಾಸವಿತ್ತು.

"ಆಯಮ್ಮ ಕಂಡಿಲ್ಲ ಅಂತ ನಿಂಗೆ ಗೊತ್ತು," ಎಂದ.

"ಹೂಂ."

"ಇನ್ಯಾರ್ಗೆ ಗೊತ್ತು?"

"ಇಲ್ಲಿ ಯಾರಿಗೂ ಇಲ್ಲಪ್ಪ."

"ಅಂಗಾದ್ರೆ ಸಾಕ್ಷಿ ನೀನೊಬ್ಳೇ ಕಣಮ್ಮ. ಸಾಕ್ಷಿ ಏಳೋಳು ಕೆಲ್ಸ ಓದಾತು ಅಂತ ಮನೇಲಿ ಕುಂತ್ಕಂಡ್ರೆ ಇಂಗೇನೇ ಆಗೋದು." ಅಲಸಂದೆಕಾಯಿ ಸಿಪ್ಪೆಯನ್ನು ಬದಿಗೆ ಎಸೆದು ಮತ್ತೆ ಹೇಳಿದ. "ಕೆಲ್ಸ ಓದ್ರೆ ಇನ್ನೊಂದು ಸಿಗ್ತದೆ ಬಿಡು. ನಿಂಗೆ ಸಿಗ್ತದೆ. ಆಯಮ್ಮಂಗೆ ಸಿಕ್ಕಲ್ಲ ಅಂತ ನೀನೇ ಏಳ್ದಲ್ಲ."

ಶುಕ್ರವಾರ ಮೂರು ಗಂಟೆಗೆ ಮಾಲೀಕರ ಕೋಣೆಯಲ್ಲಿ ವಿಚಾರಣೆ. ಮಾಲೀಕರು, ನಂಜುಂಡಯ್ಯ, ಬಾಗಿಲ ಬಳಿ ನಿಂತ ನೀಲವ್ವ. ಮೇಜಿನ ಮೇಲೆ ಟೈಪು ಮಾಡಿದ ಪತ್ರ, ಅದರ ಮೇಲೆ ಪೆನ್ನು. ಯಾರೂ ಕರೆಯದಿದ್ದರೂ ನಾನು ಹೋದೆ. ಮಾತಾಡುವುದಕ್ಕಿಂತ ತೋರಿಸುವುದೇ ವಾಸಿ ಎಂದು ಮೊದಲೇ ನಿರ್ಧರಿಸಿದ್ದೆ.

"ಸಾರ್, ರುಜು ಹಾಕಿಸುವ ಮುಂಚೆ ಎರಡು ನಿಮಿಷ ಕೊಡಿ," ಎಂದೆ. "ಈಗ ನೀವು, ನಂಜುಂಡಯ್ಯನವರು, ನಾನು, ಮೂವರದೇ ಒಂದು ಹೊಸ ಗ್ರೂಪ್ ಮಾಡಿದ್ದೇನೆ. ನಿಮ್ಮ ಫೋನಿಗೆ ಬಂದಿದೆ. ಒಮ್ಮೆ ತೆರೆದು ಮುಚ್ಚಿಬಿಡಿ."

ಮಾಲೀಕರು ಹುಬ್ಬು ಗಂಟಿಕ್ಕಿಕೊಂಡೇ ತೆರೆದರು, ಮುಚ್ಚಿದರು.

"ಏನಿತ್ತು ಸಾರ್?"

"ಏನಿರತ್ತಮ್ಮ, ಅದೇ ಹಾಜರಿ ಫೋಟೊ. ಇದನ್ನ ತೋರ್ಸೋಕೆ ಬಂದ್ರಾ?"

"ಇನ್ನೇನೂ ಇರಲಿಲ್ಲವಾ?"

"ಇನ್ನೇನೂ ಇಲ್ಲ."

ನನ್ನ ಫೋನನ್ನು ಮೇಜಿನ ಮೇಲಿಟ್ಟು ಅವರ ಕಡೆ ತಿರುಗಿಸಿದೆ. "ನಾಳೆಯಿಂದ ಎಲ್ಲರಿಗೂ ಮೂರು ದಿನ ಸಂಬಳ ಸಹಿತ ರಜೆ" ಎಂಬ ಮೆಸೇಜು. ಅದರಡಿ ನೋಡಿದವರ ಪಟ್ಟಿ. ಪಟ್ಟಿಯಲ್ಲಿ ಮಾಲೀಕರ ಹೆಸರು, ನಿಮಿಷದ ಸಮೇತ. ಅದನ್ನು ಕಳಿಸಿದ ಮೇಲೆ ನಾನು ನಲವತ್ತು ಹಳೆಯ ಹಾಜರಿ ಫೋಟೊ ಸುರಿದಿದ್ದೆ.

ಮಾಲೀಕರು ತಮ್ಮ ಫೋನ್ ಮತ್ತೆ ತೆಗೆದು ಹೆಬ್ಬೆರಳಲ್ಲಿ ಮೇಲೆ ತಳ್ಳುತ್ತಾ ಹೋದರು. ಬಹಳ ಹೊತ್ತು ತಳ್ಳಿದರು. ಕೊನೆಗೆ ರಜೆಯ ಮೆಸೇಜು ಸಿಕ್ಕಿತು. ಯಾರೂ ನಗಲಿಲ್ಲ.

"ಇದನ್ನ ನಾನು ನೋಡೇ ಇಲ್ಲವಲ್ರೀ," ಎಂದರು.

"ನೀಲವ್ವನೂ ನೋಡಿಲ್ಲ ಸಾರ್. ಗ್ರೂಪ್ ತೆರೆದರೆ ಸಾಕು, ಆ್ಯಪ್ ಎಲ್ಲವನ್ನೂ ನೋಡಿದ ಲೆಕ್ಕಕ್ಕೆ ಸೇರಿಸುತ್ತೆ. ಹಾಗೆ ಮಾಡಿದ್ದು ಬೇರೆ ಯಾರೂ ಅಲ್ಲ, ನಾನೇ. ಗೊತ್ತಿದ್ದೂ ಒಂದು ವಾರ ಸುಮ್ಮನಿದ್ದೆ. ಅದೂ ನನ್ನ ತಪ್ಪೇ."

ಆಗ ನಾನು ನಿರೀಕ್ಷಿಸದೇ ಇದ್ದದ್ದು ನಡೆಯಿತು. ನಂಜುಂಡಯ್ಯನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸಾರ್, ಆ್ಯಪ್ ಇದೆ ಅಂತ ಕೈಯಿಂದ ಕೈಗೆ ಗೇಜು ಕೊಡೋದನ್ನ ನಿಲ್ಲಿಸಿದವನು ನಾನು. ಚೀಟಿ ಪುಸ್ತಕ ತರಿಸದೆ ಇದ್ದವನೂ ನಾನೇ. ಲೋಕೇಶ ಎರಡು ನಿಮಿಷ ನಿಂತು ಹೇಳಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ" ಎಂದರು. ಅವರ ಬಗ್ಗೆ ನನಗಿದ್ದ ಕೋಪವೆಲ್ಲ ಆ ಕ್ಷಣಕ್ಕೆ ಇಳಿದುಹೋಯಿತು. ಮಾಲೀಕರು ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಪತ್ರವನ್ನು ಎರಡು ಚೂರು ಮಾಡಿ ಕಸದ ಬುಟ್ಟಿಗೆ ಹಾಕಿದರು. "ಹೋಗಮ್ಮ, ನಿನ್ನ ಮೇಜಿಗೆ ಹೋಗು" ಎಂದರು ನೀಲವ್ವನಿಗೆ. ನನ್ನ ಕಡೆ ತಿರುಗಿ, "ನೀವು ಎಲ್ಲೂ ಹೋಗ್ಬೇಡಿ, ಕೂತ್ಕೊಂಡು ಇದನ್ನ ಸರಿಮಾಡಿ" ಎಂದರು.

ಸರಿಮಾಡಿದೆವು. ಸೆಪ್ಟೆಂಬರ್ ಇಡೀ ಅದೇ ಕೆಲಸ. ಹಾಜರಿ ಫೋಟೊಗಳನ್ನು ಮಾತುಕತೆಯಿಂದಲೇ ಹೊರಗೆ ಹಾಕಿ ಬೇರೆ ಜಾಗ ಕೊಟ್ಟೆವು. ಶುಭೋದಯದವರಿಗೆ ಅವರದೇ ಒಂದು ಕಟ್ಟೆ. ಕೆಲಸದ ಮಾತನ್ನು ಮೆಷಿನ್ ಪ್ರಕಾರ ಜೋಡಿಸಿದೆವು. ಮೂರನೇ ಮೆಷಿನ್ ಒತ್ತಿದರೆ ಅದರ ಬೆಲ್ಟು, ಅದರ ಮಾಲು, ಅದರ ರಿಪೇರಿ ಎಲ್ಲ ಒಂದೇ ಕಡೆ. ನಿಲ್ಲಿಸಿ ಎಂಬ ಮೆಸೇಜು ಬಂದರೆ ಅದು ಎಲ್ಲಕ್ಕಿಂತ ಮೇಲೆ ಕೂತೇ ಇರುತ್ತದೆ, ಶಿಫ್ಟಿಗೆ ಬಂದವರು ಓದಿ "ತಗೊಂಡೆ" ಎಂಬ ಗುಂಡಿ ಒತ್ತುವ ತನಕ ಕೆಳಗಿಳಿಯುವುದಿಲ್ಲ. ನೋಡಿದವರ ಪಟ್ಟಿಯನ್ನು ನಾನೇ ಕೂತು ಅಳಿಸಿದೆ. ಇಷ್ಟಾದರೂ ನಂಜುಂಡಯ್ಯನವರು ಕೈಯಿಂದ ಕೈಗೆ ಗೇಜು ಕೊಡುವ ಪದ್ಧತಿಯನ್ನೂ ವಾಪಸು ತಂದರು, ನನ್ನ ಗುಂಡಿಯ ಮೇಲೆ ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಒಳ್ಳೆಯದೇ ಮಾಡಿದರು. ರೋಹಿತ್ ಹದಿನೈದು ದಿನ ನನ್ನ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ಆಯುಧಪೂಜೆಗೆ ಕಾರ್ಖಾನೆಯವರು ಇನ್ನೊಂದು ವರ್ಷಕ್ಕೆ ಆ್ಯಪ್ ಇಟ್ಟುಕೊಂಡ ಮೇಲೆ, ಇದೆಲ್ಲ ತನ್ನದೇ ಯೋಜನೆ ಎಂಬಂತೆ ಊರಿಗೆಲ್ಲ ಹೇಳಿಕೊಂಡು ತಿರುಗಿದ. ತಿರುಗಲಿ ಎಂದು ನಾನೂ ಬಿಟ್ಟೆ.

ಆದರೆ ಕೂಲೆಂಟ್ ವಾಸನೆಗೆ ನನಗೆ ನೆನಪಾಗುವುದು ಇದ್ಯಾವುದೂ ಅಲ್ಲ. ವಿಚಾರಣೆ ಮುಗಿದು ಹೊರಗೆ ಬಂದ ಆ ಹತ್ತು ನಿಮಿಷ. ನೀಲವ್ವ ಮೇಜಿಗೆ ಹೋಗದೆ ಶೆಡ್ಡಿನ ಬಾಗಿಲಲ್ಲೇ ನನಗಾಗಿ ಕಾಯುತ್ತಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಬೈಸಿಕೊಳ್ಳಲು ತಯಾರಾಗಿಯೇ ಹೋದೆ.

"ಇನ್ನೊಮ್ಮೆ ಹೇಳ್ರಿ ಅಕ್ಕಾರ," ಎಂದಳು. "ಆ ಮೆಸೇಜು ನನ್ನ ಫೋನಿನ್ಯಾಗ ಕಾಣಸೇ ಇಲ್ಲೇನು?"

"ಇಲ್ಲ ನೀಲವ್ವ. ನೀವು ನೋಡಿದ್ದು ಬರೀ ಫೋಟೊ. ಆ ಮೆಸೇಜು ನಿಮ್ಮ ಕಣ್ಣಿನ ಮುಂದೆ ಬಂದೇ ಇಲ್ಲ."

"ಖರೇನ?"

"ಖರೆ. ನನ್ನನ್ನು ಕ್ಷಮಿಸಿ."

ಆಕೆ ನನ್ನ ಕ್ಷಮೆಯ ಮಾತು ಕೇಳಿಸಿಕೊಂಡಂತೆಯೇ ಕಾಣಲಿಲ್ಲ. ಬಾಗಿಲ ಕಂಬಕ್ಕೆ ಒರಗಿ ನಿಂತು ಹೇಳತೊಡಗಿದಳು. "ಹೋದ ಶನಿವಾರ ನಾಗಸಂದ್ರದಾಗ ಕಣ್ಣಿನ ಡಾಕ್ಟರ್ ಕಡೆ ಹೋಗಿದ್ನಿರಿ. ಎದುರಿಗಿದ್ದದ್ದು ಕಾಣವಲ್ದು, ಕಣ್ಣು ಹೋಗ್ಯಾವೇನು ನೋಡ್ರಿ ಅಂದೆ. ಅವರು ಎಲ್ಲಾ ನೋಡಿ, ಕಣ್ಣು ಭಾಳ ಚಲೋ ಅದಾವ, ಏನೂ ಆಗಿಲ್ಲ ಅಂದ್ರು. ಮಂದಿ ಅದನ್ನ ಕೇಳಿದ್ರ ಖುಷಿ ಪಡ್ತಾರ. ನನಗ ಹೆದರಿಕಿ ಹತ್ತಿತ್ರಿ. ಕಣ್ಣು ಚಲೋ ಅದಾವ, ಫೋನ್ ನೋಡೀದಿ ಅಂತೈತಿ, ನನಗ ನೆನಪಿಲ್ಲ. ಅಂದ್ರ ತಲೀನೇ ಕೆಟ್ಟೈತಿ ಅಂತ ತಿಳ್ಕೊಂಡೆ. ನಮ್ಮವ್ವಗ ಕಡೀಕ ಹಂಗ ಆಗಿತ್ತು. ಹೆತ್ತ ಮಗಳನ್ನ ಯಾರವ್ವ ನೀನು ಅಂತ ಕೇಳ್ತಿದ್ಲು. ನನಗೂ ಅದೇ ಸುರು ಆತು, ಇನ್ನ ನಮ್ಮ ಮನಿಯವರ ಹೆಸರೂ ಮರೀತೀನಿ ಅಂತ ಒಂದು ವಾರ ಜೀವ ಕೈಯಾಗ ಹಿಡ್ಕೊಂಡು ಕುಂತಿದ್ನಿ."

ಕೆಲಸ ಹೋಗುತ್ತದೆ, ಹೆಸರು ಕೆಡುತ್ತದೆ ಎಂಬಷ್ಟನ್ನು ನಾನು ಲೆಕ್ಕ ಹಾಕಿದ್ದೆ. ಒಂದು ಕೆಂಪು ಸಂಖ್ಯೆಯನ್ನು ಮಾಯ ಮಾಡಲು ಹೋಗಿ ಒಬ್ಬಳಿಂದ ಆಕೆಯ ಬುದ್ಧಿಯ ಮೇಲಿನ ನಂಬಿಕೆಯನ್ನೇ ಕಿತ್ತುಕೊಂಡಿದ್ದೇನೆ ಎಂದು ಕನಸಿನಲ್ಲೂ ಅನಿಸಿರಲಿಲ್ಲ. ನಾಚಿಕೆಗೆ ಕಣ್ಣಲ್ಲಿ ನೀರು ಬಂತು. ಆಕೆ ಮಾತ್ರ ಅಷ್ಟರ ಹೊತ್ತಿಗೆ ನಗುತ್ತಿದ್ದಳು. ಎಣ್ಣೆಗೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಜಿಗಣಿಗೆ ಫೋನ್ ಹಚ್ಚಿದಳು. ಒಳಗೆ ಮೆಷಿನ್ನುಗಳ ಗದ್ದಲ, ಅತ್ತ ಕಡೆ ಕಾಂಕ್ರೀಟ್ ಮಿಕ್ಸರ್ ಗದ್ದಲ. ಇಬ್ಬರೂ ಕಿರುಚಿಕೊಂಡೇ ಮಾತಾಡಬೇಕಿತ್ತು.

"ಏನಾತ?" ಎಂದು ಗಂಡ ಅಲ್ಲಿಂದ ಕೂಗಿದ್ದು ನನಗೂ ಕೇಳಿಸಿತು. "ಕೆಲಸ ಉಳೀತೋ, ಹೋತೋ?"

"ಕೆಲಸದ್ದು ಇರಲಿ ಬಿಡ್ರಿ!" ಎಂದು ನೀಲವ್ವ ಇಡೀ ಶೆಡ್ಡಿಗೆ ಕೇಳುವಂತೆ ಕೂಗಿದಳು. "ನನ್ ತಲಿ ನೆಟ್ಟಗ ಐತಂತ್ರೀ!"

ಅಷ್ಟು ಹೇಳಿ ಫೋನ್ ಇಟ್ಟೇಬಿಟ್ಟಳು. ಕೆಲಸವೂ ಉಳಿಯಿತು ಎಂದು ಹೇಳಲು ನಾನೇ ನೆನಪಿಸಿ ಮತ್ತೆ ಫೋನ್ ಮಾಡಿಸಬೇಕಾಯಿತು.